ಬ್ರೊಮೀಲಿಯಾಡ್ ಬೇಕಂತೆ ವದಿನಗಾರಿಗೆ!

ಆಂಧ್ರದಲ್ಲಿ ‘ನಮ್ಮದು ಒನ್ ಟೌನ್’ ಎಂದು ಹೇಳಿ ಮಾತು ಮುಗಿಸಲು ಆಗುವುದಿಲ್ಲ. ‘ಯಾವ ಒನ್ ಟೌನು?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ವಿಶಾಖಪಟ್ಟಣಕ್ಕೂ ಒಂದಿದೆ, ವಿಜಯವಾಡಕ್ಕೂ ಒಂದಿದೆ. ನಾನಿರುವುದು ವಿಶಾಖಪಟ್ಟಣದ್ದರಲ್ಲಿ. ಕುರುಪಾಂ ಮಾರ್ಕೆಟ್ಟು, ಬುರುಜುಪೇಟೆ, ಒಂದು ಮಗ್ಗುಲಿಗೆ ಬಂದರು, ಇನ್ನೊಂದು ಮಗ್ಗುಲಿಗೆ ಸಮುದ್ರ. ಪಕ್ಕದ ಮನೆಯ ವದಿನಗಾರ ತವರು ವಿಜಯವಾಡದ ಒನ್ ಟೌನು. ಮೇಲೆ ಇಂದ್ರಕೀಲಾದ್ರಿಯ ಕನಕದುರ್ಗೆ, ಕೆಳಗೆ ಕೃಷ್ಣಾ ನದಿ, ನಡುವೆ ಕಾಳೇಶ್ವರರಾವ್ ಮಾರ್ಕೆಟ್ಟು. ತೆಲುಗಿನಲ್ಲಿ ವದಿನ ಎಂದರೆ ಅತ್ತಿಗೆ. ನಾನು ಅವರನ್ನು ಹಾಗೆ ಕರೆಯುತ್ತೇನೆ, ಅವರು ನನ್ನನ್ನೂ ಹಾಗೇ ಕರೆಯುತ್ತಾರೆ. ಯಾರ ಅಣ್ಣನನ್ನು ಯಾರು ಕಟ್ಟಿಕೊಂಡದ್ದು ಎಂಬ ವಿಚಾರ ಇಬ್ಬರೂ ಎತ್ತಿಲ್ಲ.

ನಮ್ಮಿಬ್ಬರ ಹಿತ್ತಲ ನಡುವೆ ಎದೆಮಟ್ಟದ ಹಳೆಯ ಗೋಡೆ. ಹೆಪ್ಪಿಗೆ ಮೊಸರು, ಕರಿಬೇವು, ಊರ ಸುದ್ದಿ ಎಲ್ಲ ಅದರ ಮೇಲಿಂದಲೇ ಆಚೀಚೆ ಹೋಗುವುದು. ಒಂದು ಬೆಳಿಗ್ಗೆ ಅದರ ಮೇಲಿಂದ ಒಂದು ಮೊಬೈಲು ಬಂತು. ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಮಗಳು ಫೋಟೊ ಕಳಿಸಿದ್ದಳು. ಅಂಗಳದ ಓಕ್ ಮರದ ಕೊಂಬೆಗಳ ಮೇಲೆಲ್ಲ ಬೂದುಹಸಿರು ಎಲೆಗಳ ಕಟ್ಟುಗಳು, ನಡುವಿನಿಂದ ಕೆಂಪು ತೆನೆ. ‘ನಮ್ಮೂರಿನ ಸ್ವಂತ ಬ್ರೊಮೀಲಿಯಾಡುಗಳು ಅಮ್ಮಾ, ಮಣ್ಣೇ ಬೇಡ, ಮರದ ಮೇಲೇ ಬೆಳೀತಾವೆ’ ಎಂದು ಕೆಳಗೆ ಬರೆದಿದ್ದಳು. ಬುರುಜುಪೇಟೆಯಲ್ಲಿ ಹುಟ್ಟಿದ ಹುಡುಗಿಗೆ ಒರ್ಲ್ಯಾಂಡೊ ಯಾವಾಗ ‘ನಮ್ಮೂರು’ ಆಯಿತೆಂದು ನಾನು ಯೋಚಿಸುತ್ತಿದ್ದರೆ, ವದಿನಗಾರು ಬೇರೆಯದೇ ಯೋಚನೆಯಲ್ಲಿದ್ದರು.

“ಅವರದ್ದು ಅವರಿಗಿದ್ದ ಮೇಲೆ ನಮ್ಮದು ನಮಗೂ ಇರಬೇಕಲ್ಲವಾ ವದಿನಾ? ನಮ್ಮ ದೇಶದ ಬ್ರೊಮೀಲಿಯಾಡು ಯಾವುದು ಹೇಳಿ, ಮಾವಿನ ಮರಕ್ಕೆ ಕಟ್ಟೋಣ.”

ನಾನು ಶಿರಸಿ ಕಡೆಯವಳು. ಮಲೆನಾಡಿನವರಿಗೆ ಎಲ್ಲ ಗಿಡದ ಜಾತಕವೂ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಈ ಜಾತಕ ಗೊತ್ತಿತ್ತು, ಫಲ ಮಾತ್ರ ಚೆನ್ನಾಗಿರಲಿಲ್ಲ. ಬ್ರೊಮೀಲಿಯಾಡ್ ವಂಶದಲ್ಲಿ 3,000ಕ್ಕೂ ಹೆಚ್ಚು ಜಾತಿಗಳಿವೆ. ಪಶ್ಚಿಮ ಆಫ್ರಿಕದ ಗಿನಿ ದೇಶದ ಬಂಡೆಗಳ ಮೇಲೆ ಬೆಳೆಯುವ ಒಂದೇ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಹುಟ್ಟಾ ಅಮೆರಿಕ ಖಂಡಗಳವು. ಮಗಳಿರುವ ಫ್ಲಾರಿಡಾ ರಾಜ್ಯವೊಂದಕ್ಕೇ 16 ಇವೆ. ಭಾರತಕ್ಕೆ ಸೊನ್ನೆ.

“ಇಷ್ಟು ದೊಡ್ಡ ದೇಶಕ್ಕೆ ಒಂದೂ ಇಲ್ಲವಾ?” ವದಿನಗಾರಿಗೆ ಅವಮಾನವೇ ಆಯಿತು.

“ಹುಟ್ಟಿದ್ದು ಇಲ್ಲ. ಬಂದು ಸೇರಿದ್ದು ಇದೆ. ಮೊನ್ನೆ ಉಪ್ಪು, ಕಾರ ಹಚ್ಚಿ ತಟ್ಟೆಯಲ್ಲಿ ಕೊಟ್ಟಿರಲ್ಲ, ಅದೇ.”

“ಅನಾಸಪಂಡಾ? ಅದು ಸಿಂಹಾಚಲದ್ದು!”

ವಿಶಾಖಪಟ್ಟಣದವರ ಎದುರು ಅನಾನಸ್ಸು ಪರದೇಶದ್ದು ಎನ್ನಲು ಸ್ವಲ್ಪ ಧೈರ್ಯ ಬೇಕು. ಸಿಂಹಾಚಲದ ಬೆಟ್ಟದ ಇಳಿಜಾರುಗಳಲ್ಲಿ ಬೆಳೆಯುವ ಅನಾನಸ್ಸು ಇಲ್ಲಿನವರಿಗೆ ಅಪ್ಪನ್ನ ಸ್ವಾಮಿಯ ಮನೆಯ ಹಣ್ಣು. ಅಕ್ಷಯ ತೃತೀಯಾದಂದು ಇಲ್ಲಿನವರು ಅಪ್ಪನ್ನ ಎನ್ನುವ ವರಾಹ ಲಕ್ಷ್ಮೀನರಸಿಂಹನ ಮೈಮೇಲಿನ ಚಂದನ ತೆಗೆದು ನಿಜರೂಪ ತೋರಿಸುತ್ತಾರಲ್ಲ, ಆ ದರ್ಶನ ಮುಗಿಸಿ ಇಳಿದವರ ಕೈಯಲ್ಲಿ ಪ್ರಸಾದದ ಜೊತೆ ಬೆಟ್ಟದ ಹಣ್ಣೂ ಇದ್ದರೆ ಯಾತ್ರೆ ಪೂರ್ತಿಯಾದಂತೆ. ಆದರೆ ನಮ್ಮ ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಈ ಬೆಟ್ಟ ಹತ್ತಿ ದೇವರಿಗೆ ಒಡವೆ ಒಪ್ಪಿಸಿದ್ದು 1516ರಲ್ಲಿ. ಅದರ ಶಾಸನ ಅಲ್ಲಿದೆ. ರಾಯನಿಗೆ ಅನಾನಸ್ಸಿನ ಹೋಳು ಯಾರೂ ಕೊಟ್ಟಿರಲಾರರು. ಕೊಲಂಬಸ್ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಆ ಹಣ್ಣು ಕಂಡದ್ದೇ 1493ರಲ್ಲಿ. ಅದನ್ನು ಹಡಗು ಹತ್ತಿಸಿ ನಮ್ಮ ಪಶ್ಚಿಮ ತೀರಕ್ಕೆ ಇಳಿಸಿದವರು ಪೋರ್ಚುಗೀಸರು. ಜಹಾಂಗೀರನ ಹೊತ್ತಿಗೆ ಆಗ್ರಾದ ಗುಲ್ ಅಫ್‌ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಹಣ್ಣು ಬಿಡುತ್ತಿತ್ತು ಎಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇವತ್ತು ನಮ್ಮ ಬನವಾಸಿಯ ಸುತ್ತ ಹೊಲಕ್ಕೆ ಹೊಲವೇ ಅನಾನಸ್ಸು. ನಮ್ಮ ಕಡೆಯ ಮದುವೆಯ ಎಲೆಯಲ್ಲಿ ಅನಾನಸ್ ಗೊಜ್ಜು ಕಾಣದಿದ್ದರೆ ಬೀಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಣ್ಣಿಗೆ ಪೌರತ್ವ ಕೊಡಲು ನಾವು ಕಾಗದಪತ್ರ ಕೇಳಿದವರಲ್ಲ.

“ಅದು ಮರದ ಮೇಲೆ ಕೂರುತ್ತದಾ?”

“ಇಲ್ಲ, ನೆಲದ್ದು.”

“ಹಾಗಾದರೆ ಬೇಡ.” ಮಗಳ ಓಕ್ ಮರಕ್ಕೆ ಸಮ ಬರುವುದೇ ಬೇಕು ಅವರಿಗೆ.

ಬೇಡವೆಂದರೂ ಹಣ್ಣಿನ ಜುಟ್ಟನ್ನು ನಾನು ಎಸೆಯಲು ಬಿಡಲಿಲ್ಲ. ಜುಟ್ಟನ್ನು ತಿರುಚಿ ಕಿತ್ತು, ಬುಡದ ನಾಲ್ಕಾರು ಎಲೆ ಸುಲಿದು, ಗಾಯ ಒಣಗುವ ತನಕ ನೆರಳಲ್ಲಿಟ್ಟು, ಮರಳು ಬೆರೆತ ಮಣ್ಣಿನ ಕುಂಡಕ್ಕೆ ಊರಿದರೆ ಬೇರು ಬರುತ್ತದೆ. ಹಣ್ಣಿಗೆ ಸುಮಾರು ಎರಡು ವರ್ಷ ಕಾಯಬೇಕು. ಅವಸರವಿದ್ದವರು ಜುಟ್ಟಿನ ಬದಲು ಬುಡದ ಮರಿ ನೆಡುತ್ತಾರೆ. ಬಿಸಿಲೂರಿಗೆ ಇದು ಹೇಳಿಮಾಡಿಸಿದ ಗಿಡ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ನೀರು ಉಳಿಸುತ್ತದೆ, ರಾತ್ರಿ ತಂಪಾದ ಮೇಲೆ ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದುಕೊಂಡು ಆಮ್ಲವಾಗಿ ಕೂಡಿಡುತ್ತದೆ, ಬೆಳಕು ಬಂದ ಮೇಲೆ ಅದನ್ನು ಖರ್ಚು ಮಾಡುತ್ತದೆ. ಬಲಿತ ಗಿಡ ಹೂವಿಗೆ ಬಾರದೆ ಹಟ ಹಿಡಿದರೆ ಮಾಗಿದ ಸೇಬು ಒಂದೆರಡನ್ನು ಪಕ್ಕದಲ್ಲಿಟ್ಟು ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚುವುದುಂಟು. ಸೇಬಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಹೂ ಹೊರಡುತ್ತದೆ. ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪದವರು 19ನೇ ಶತಮಾನದಲ್ಲೇ ಗಾಜಿನ ಮನೆಗಳಿಗೆ ಹೊಗೆ ಹಾಕಿ ಅನಾನಸ್ಸಿಗೆ ಒಟ್ಟಿಗೇ ಹೂ ಬರಿಸುತ್ತಿದ್ದರು. ಹೊಗೆಯಲ್ಲಿದ್ದದ್ದೂ ಇದೇ ಅನಿಲ. ನಮ್ಮ ರೈತರು ಹೂವಿಗೆಂದು ಎಥ್ರೆಲ್ ದ್ರಾವಣ ಹಾಕುವುದರ ಗುಟ್ಟೂ ಇದೇ.

ಮರ ಹತ್ತುವ ಬ್ರೊಮೀಲಿಯಾಡು ವದಿನಗಾರಿಗೆ ಕೊನೆಗೆ ಸಿಕ್ಕಿದ್ದು ರಾಜಮಂಡ್ರಿ ಹತ್ತಿರದ ಕಡಿಯಂನಲ್ಲಿ. ಗೋದಾವರಿ ಕಾಲುವೆಯ ಉದ್ದಕ್ಕೂ ನರ್ಸರಿಗಳಿರುವ ಆ ಊರಿನಲ್ಲಿ ಸಿಗದ ಗಿಡವಿಲ್ಲ. ತವರಿಗೆ ಹೋಗುತ್ತ ನಡುವೆ ಇಳಿದು ‘ಏರ್ ಪ್ಲಾಂಟ್’ ತಂದರು. ಸಸ್ಯಶಾಸ್ತ್ರದವರು ಅದನ್ನು ಟಿಲ್ಲಾಂಡ್ಸಿಯಾ ಎನ್ನುತ್ತಾರೆ. ಅದರ ಬೇರು ಹಿಡಿದುಕೊಳ್ಳುವುದಕ್ಕೆ ಮಾತ್ರ, ಕುಡಿಯುವುದು ಎಲೆ. ಎಲೆಯ ಮೇಲಿನ ಬೂದು ಬಣ್ಣದ ಸಣ್ಣ ಸಣ್ಣ ಹೊಪ್ಪಳೆಗಳು ಮಳೆ, ಮಂಜು, ಇಬ್ಬನಿಯನ್ನು ಹೀರಿ ಒಳಕ್ಕೆ ದಾಟಿಸುತ್ತವೆ. ಅಮೆರಿಕದಲ್ಲಿ ಇದರದೇ ಒಂದು ಜಾತಿ ಕರೆಂಟಿನ ತಂತಿಯ ಮೇಲೂ ಗೂಡು ಕಟ್ಟಿಕೊಂಡು ಬದುಕುತ್ತದೆ.

ಇದಕ್ಕೆ ಹೆಸರಿಟ್ಟ ಸಸ್ಯವಿಜ್ಞಾನಿ ಲಿನ್ನೇಯಸ್ ಮಾತ್ರ ಗಿಡಕ್ಕೆ ನೀರೇ ಆಗದು ಎಂದುಕೊಂಡಿದ್ದ. ಎಲಿಯಾಸ್ ಟಿಲ್ಲಾಂಡ್ಸ್ ಎಂಬ 17ನೇ ಶತಮಾನದ ವೈದ್ಯನೊಬ್ಬ ಫಿನ್ಲೆಂಡಿನ ಟುರ್ಕುವಿನಿಂದ ಸ್ಟಾಕ್‌ಹೋಮಿಗೆ ಹಡಗಿನಲ್ಲಿ ಹೋಗುವಾಗ ಹೊಟ್ಟೆ ತೊಳಸಿ ಎಷ್ಟು ಒದ್ದಾಡಿದನೆಂದರೆ, ವಾಪಸು ಬರುವಾಗ ಹಡಗು ಹತ್ತದೆ ಕೊಲ್ಲಿಯನ್ನು ಸುತ್ತುಹಾಕಿ ಸಾವಿರ ಕಿಲೋಮೀಟರಿಗೂ ಹೆಚ್ಚು ನೆಲದ ಮೇಲೇ ಬಂದನಂತೆ. ನೀರಿಗಂಜಿದವನ ಹೆಸರು ನೀರೊಲ್ಲದ ಗಿಡಕ್ಕಿರಲಿ ಎಂದು ಲಿನ್ನೇಯಸ್ ಇಟ್ಟ. ಈ ಕಥೆ ಕೇಳಿ ವದಿನಗಾರು ಮನಸಾರೆ ನಕ್ಕರು. ಅವರ ಯಜಮಾನರು ಹಡಗಿನ ಕೆಲಸದಲ್ಲೇ ತಲೆ ನರೆಸಿಕೊಂಡವರು.

ಆದರೆ ನೀರು ಬೇಕೇ ಬೇಕು. ವಾರಕ್ಕೊಮ್ಮೆ ಅರ್ಧ ತಾಸು ಮಳೆನೀರಿನಲ್ಲಿ ಮುಳುಗಿಸಿ, ಆಮೇಲೆ ತಲೆಕೆಳಗು ಹಿಡಿದು ಕೊಡವಿ, ಗಾಳಿಗೆ ಇಡಬೇಕು. ಎಲೆಯ ಬುಡದಲ್ಲಿ ನೀರು ನಿಂತರೆ ನಡು ಕೊಳೆಯುತ್ತದೆ. ಬೋರಿನ ಉಪ್ಪುನೀರು ಹಾಕಿದರೆ ಹೊಪ್ಪಳೆಗಳ ಮೇಲೆ ಉಪ್ಪು ಕೂತು ಗಿಡದ ಬಾಯಿ ಕಟ್ಟುತ್ತದೆ. ತಾಮ್ರದ ತಂತಿಯಲ್ಲಿ ಕಟ್ಟಲೇಬಾರದು, ತಾಮ್ರ ಈ ಗಿಡಗಳಿಗೆ ವಿಷ. ಗಾಳಿಯಲ್ಲಿ ಇರುವುದನ್ನೆಲ್ಲ ಎಲೆಯ ಮೂಲಕವೇ ಒಳಗೆ ತೆಗೆದುಕೊಳ್ಳುವ ಗಿಡವಾದ್ದರಿಂದ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ವಿಜ್ಞಾನಿಗಳು ಇದನ್ನು ಅಲ್ಲಲ್ಲಿ ತೂಗುಹಾಕಿ, ಆಮೇಲೆ ಅರೆದು, ಊರಿನ ಗಾಳಿಯಲ್ಲಿ ಯಾವ ಲೋಹ ಎಷ್ಟಿದೆ ಎಂದು ಅಳೆದಿದ್ದಾರೆ. ನಮ್ಮ ಕಿಟಕಿಯ ಸರಳುಗಳ ಮೇಲೆ ದಿನಾ ಕೂರುವ ಕರಿದೂಳನ್ನು ಅಳೆಯಲು ವದಿನಗಾರ ಸೆರಗಿನ ತುದಿಯೇ ಸಾಕು.

ವಿಶಾಖಪಟ್ಟಣದಲ್ಲಿ ಆ ಗಿಡ ಬದುಕಿತ್ತು. ಸಮುದ್ರದ ಗಾಳಿಯಲ್ಲಿ ನಮ್ಮ ಹಪ್ಪಳ ಮೆತ್ತಗಾಗುತ್ತವೆ, ಅದು ಮಾತ್ರ ಖುಷಿಯಾಗಿತ್ತು. ಮೇ ತಿಂಗಳಲ್ಲಿ ವದಿನಗಾರು ಅದನ್ನು ತವರಿಗೆ ಕರೆದುಕೊಂಡು ಹೋದರು, ತಮ್ಮನ ಹೆಂಡತಿಗೆ ತೋರಿಸಲು. ವಿಜಯವಾಡದ ಒನ್ ಟೌನಿನಲ್ಲಿ ಬೇಸಿಗೆ ಎಂದರೆ 45 ಡಿಗ್ರಿಯ ಆಸುಪಾಸು; ಹಗಲೆಲ್ಲ ಕಾದ ಬೆಟ್ಟದ ಬಂಡೆ ರಾತ್ರಿಯೂ ಧಗೆ ಬಿಡುತ್ತದೆ. ಅಲ್ಲಿಯ ವಡಗಾಲಿ ಎಂಬ ಬಿಸಿಗಾಳಿಗೆ ಎಲೆಗಳು ಸುರುಳಿ ಸುತ್ತಿಕೊಂಡವು. ಆಲಮಟ್ಟಿ, ನಾರಾಯಣಪುರ ದಾಟಿ ನಮ್ಮ ಕರ್ನಾಟಕವನ್ನು ಹಾದೇ ಬಂದ ಕೃಷ್ಣೆ ಪ್ರಕಾಶಂ ಬ್ಯಾರೇಜಿನಲ್ಲಿ ತುಂಬಿ ನಿಂತಿದ್ದರೂ, ಬೇರಿನಿಂದ ಕುಡಿಯದ ಗಿಡಕ್ಕೆ ಅದರಿಂದೇನು ಬಂತು? ಒಂದೇ ರಾಜ್ಯ, ಒಂದೇ ಹೆಸರಿನ ಪೇಟೆ, ಆದರೂ ಗಿಡಕ್ಕೆ ಎರಡೂ ಬೇರೆ ಲೋಕ. ಸ್ವದೇಶಿ ಎನ್ನುವಾಗ ನಾವು ದೇಶದ ನಕ್ಷೆ ಹಾಸುತ್ತೇವೆ. ಗಿಡ ನೋಡುವುದು ಇಬ್ಬನಿ ಬೀಳುತ್ತದೋ ಇಲ್ಲವೋ ಎಂದು.

ಅಳಿಯ ಸಮಾಧಾನ ಮಾಡಿದನಂತೆ: “ಬರುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಹಾಕಿಕೊಂಡು ಬರ್ತೀನಿ ಅತ್ತಯ್ಯಾ.” ನಾನು ಗೋಡೆಗೆ ಬಡಿದು ಬೇಡವೆಂದೆ. ಬಡಿಯಲು ಕಾರಣವಿತ್ತು. ಫ್ಲಾರಿಡಾದ ಆ ಗಿಡಗಳಿಗೇ ಇವತ್ತು ಕುತ್ತು ಬಂದಿರುವುದು ಹೀಗೆ ಬಂದ ಗಿಡಗಳಿಂದ. ಮೆಕ್ಸಿಕೋದಿಂದ ತರಿಸಿದ ಅಲಂಕಾರದ ಬ್ರೊಮೀಲಿಯಾಡುಗಳ ಜೊತೆ ಒಂದು ಮೂತಿಹುಳು ಬಂದಿಳಿಯಿತು. 1989ರಲ್ಲಿ ಕಣ್ಣಿಗೆ ಬಿತ್ತು. ಅದರ ಮರಿ ಗಿಡದ ನಡುವನ್ನೇ ಕೊರೆದು ತಿನ್ನುತ್ತದೆ. ಮರದ ಮೇಲಿನ ದೊಡ್ಡ ಜಾತಿಗಳು ಕಂತೆಗಟ್ಟಲೆ ಉದುರಿ, ಕೆಲವನ್ನು ಅಳಿವಿನ ಪಟ್ಟಿಗೆ ಸೇರಿಸಬೇಕಾಯಿತು. ಮನೆಯಂಗಳದಲ್ಲಿ ಅವನ್ನು ಉಳಿಸಿಕೊಳ್ಳುವುದು ಅಲ್ಲಿ ಬರೀ ಹವ್ಯಾಸವಲ್ಲ. ನಮ್ಮಲ್ಲೂ 2003ರ ಸಸ್ಯ ಸಂಪರ್ಕತಡೆ ಆದೇಶವಿದೆ. ಪರ್ಮಿಟ್ಟು, ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹೊರದೇಶದ ಗಿಡ ತರುವ ಹಾಗಿಲ್ಲ. ಸಿಂಹಾಚಲದ ಅನಾನಸ್ಸಿಗೂ ಆ ಗಿಡಗಳಿಗೂ ಒಂದೇ ವಂಶ. ಒಬ್ಬರ ಹುಳು ಇನ್ನೊಬ್ಬರಿಗೆ ಅಂಟಿಕೊಂಡರೆ ಅಪ್ಪನ್ನ ಸ್ವಾಮಿಗೆ ಏನು ಹೇಳುವುದು?

ಇನ್ನು ತೊಟ್ಟಿ ಜಾತಿಯ ಬ್ರೊಮೀಲಿಯಾಡು: ನಿಯೋರೆಜೀಲಿಯಾ, ಗುಜ್ಮೇನಿಯಾ. ಹೂವಿನಂಗಡಿ, ಹೋಟೆಲಿನ ಮುಂಬಾಗಿಲು, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಕಣ್ಣು ಕುಕ್ಕುವವು ಇವೇ. ಎಲೆಗಳು ಬುಡದಲ್ಲಿ ಒಂದಕ್ಕೊಂದು ಕೂಡಿ ಬಟ್ಟಲಾಗಿ ನೀರು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ತವರಿನ ಕಾಡಿನಲ್ಲಿ ಆ ನೀರಿನಲ್ಲಿ ಕಪ್ಪೆ ಮರಿ ಮಾಡುತ್ತದೆ. ಒನ್ ಟೌನಿನಲ್ಲಿ ಕಪ್ಪೆ ಬರುವುದಿಲ್ಲ, ಸೊಳ್ಳೆ ಬರುತ್ತದೆ. ಟ್ರಿನಿಡಾಡ್ ದ್ವೀಪದಲ್ಲಿ ಕೋಕೋ ತೋಟದ ನೆರಳಿನ ಮರಗಳ ಮೇಲಿದ್ದ ಬ್ರೊಮೀಲಿಯಾಡುಗಳಲ್ಲೇ ಮಲೇರಿಯಾ ಸೊಳ್ಳೆ ಮೊಟ್ಟೆಯಿಡುತ್ತಿತ್ತು. 1940ರ ದಶಕದಲ್ಲಿ ಅಲ್ಲಿ ಆಳು ಹತ್ತಿಸಿ ಅವನ್ನು ಕೀಳಿಸಿದರು, ಮೈಲುತುತ್ತದ ನೀರು ಸಿಂಪಡಿಸಿ ಕೊಂದರು. ‘ನಮ್ಮ ರಾಸ್ ಹಿಲ್ಲಿನ ರಾಸ್ ಸಾಹೇಬರೇ ತಾನೆ ಮಲೇರಿಯಾ ಕಂಡುಹಿಡಿದದ್ದು?’ ಎಂದು ವದಿನಗಾರು ನಡುವೆ ಬಾಯಿ ಹಾಕಿದರು. ಅವರಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣು ಕಂಡವರು ರೊನಾಲ್ಡ್ ರಾಸ್. ಬಂದರಿನ ಪಕ್ಕದ ನಮ್ಮ ಗುಡ್ಡದ ಮೇಲೆ 1864ರಲ್ಲಿ ಮನೆ ಕಟ್ಟಿಸಿದ ರಾಸ್ ಬೇರೆ. ಯಾವ ರಾಸ್ ಆದರೇನು, ಶುಕ್ರವಾರ ‘ಡ್ರೈ ಡೇ’ ಎಂದು ಮನೆಮನೆಯ ಕುಂಡದ ತಟ್ಟೆ ಬೋರಲು ಹಾಕಿಸುವ ರಾಜ್ಯದಲ್ಲಿ, ನೀರು ತುಂಬಿಕೊಂಡೇ ಬದುಕುವ ಗಿಡ ಸಾಕುವವರು ವಾರಕ್ಕೆರಡು ಸಲ ಆ ಬಟ್ಟಲನ್ನು ಬಗ್ಗಿಸಿ ಹೊಸ ನೀರು ಹಾಕಲು ತಯಾರಿರಬೇಕು. ವದಿನಗಾರು ತಯಾರಿರಲಿಲ್ಲ.

“ಹಾಗಾದರೆ ನಮಗೆ ಏನೂ ಇಲ್ಲ ಎನ್ನಿ.”

“ತಲೆ ಎತ್ತಿ ನೋಡಿ” ಎಂದೆ.

ಅವರ ಮಾವಿನ ಮರ ಅತ್ತೆಯ ಕಾಲದ್ದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮೇಲೇ ಹಾದು ಊರಿನ ಮರಗಳನ್ನು ನೆಲಸಮ ಮಾಡಿದಾಗ ಅದರ ಅರ್ಧ ಹೋಯಿತು. ಉಳಿದರ್ಧದ ಒಂದು ದಪ್ಪ ಕೊಂಬೆಯ ಮೇಲೆ ಬೆಲ್ಟಿನಗಲದ ಗಟ್ಟಿ ಎಲೆಗಳು, ಕೆಳಗೆ ಜೋತ ಬಿಳಿ ಬೇರುಗಳು. ಅದು ವಂಡಾ ಟೆಸ್ಸೆಲಾಟಾ ಎಂಬ ಆರ್ಕಿಡ್, ನಮ್ಮದೇ ನೆಲದ ಅಪ್ಪುಸಸ್ಯ. ಇಲ್ಲಿಂದ ರೈಲಿನಲ್ಲಿ ವಿಜಯವಾಡಕ್ಕೆ ಹೋಗುವ ದಾರಿಯಲ್ಲಿ ಸಾಮರ್ಲಕೋಟ ಸಿಗುತ್ತದಲ್ಲ, ಅಲ್ಲಿ 1780ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ರಾಕ್ಸ್‌ಬರೊ ತೋಟ ಮಾಡಿಕೊಂಡಿದ್ದ. ಕೋರಮಂಡಲ ತೀರದ ಗಿಡಗಳ ಬಗ್ಗೆ 1795ರಲ್ಲಿ ಅವನು ಹೊರತಂದ ಗ್ರಂಥದಲ್ಲಿ ಈ ವಂಡಾದ ಚಿತ್ರ, ವಿವರ ಎರಡೂ ಇವೆ. ಚಿತ್ರ ಬರೆದವರು ನಮ್ಮ ದೇಶದ ಕಲಾವಿದರು. ಚೌಕಳಿ ಗೆರೆಯ ಕಂದುಹಳದಿ ದಳ, ನಡುವೆ ನೇರಳೆ ನಾಲಗೆ, ಹತ್ತಿರ ಹೋದರೆ ಪರಿಮಳ. ವದಿನಗಾರು ಸೊಸೆಯಾಗಿ ಬಂದಂದಿನಿಂದ ಅದು ಅಲ್ಲೇ ಇತ್ತು.

“ಅದು ಮರಕ್ಕೆ ಹತ್ತಿದ ರೋಗವಲ್ಲವಾ? ಮರದ ರಕ್ತ ಹೀರುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು.”

ಇಲ್ಲಿ ನ್ಯಾಯ ಹೇಳಬೇಕಾಯಿತು. ಮರದ ರಕ್ತ ಹೀರುವುದು ಬಂದಳಿಕೆ. ಅದು ನಾಲ್ಕು ದಿನಕ್ಕೆಂದು ಬಂದು ಅಡುಗೆಮನೆಗೇ ನುಗ್ಗಿ ಅಕ್ಕಿಡಬ್ಬಕ್ಕೆ ಕೈ ಹಾಕುವ ನೆಂಟ; ಕೊಂಬೆಯೊಳಕ್ಕೆ ಬೇರು ಇಳಿಸಿ ಮರದ ನೀರು, ಉಪ್ಪನ್ನೇ ಎಳೆಯುತ್ತದೆ. ವಂಡಾ ಜಗಲಿಯಲ್ಲಿ ಜಾಗ ಹಿಡಿದ ಬಾಡಿಗೆದಾರ; ಅಡುಗೆ ಅದರದೇ, ನೀರೂ ಅದರದೇ. ಮಳೆ ಬಿದ್ದಾಗ ಅದರ ಬೇರು ನೋಡಿ: ಬಿಳಿಯದು ನಿಮಿಷದಲ್ಲಿ ಹಸಿರಾಗುತ್ತದೆ. ಹೊರಗಿನ ಸತ್ತ ಕೋಶಗಳ ಪದರ ನೀರು ಹೀರಿಕೊಂಡು ಒಳಗಿನ ಹಸಿರು ಕಾಣುವುದು. ಅಮೆರಿಕದ ಗಿಡ ಎಲೆಯಿಂದ ಮಾಡಿದ್ದನ್ನು ನಮ್ಮದು ಬೇರಿನಿಂದ ಮಾಡಿತು. ಎರಡು ಬೇರೆ ವಂಶಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಕಸುಬು ಕಲಿತವು. ಮಗಳ ಓಕ್ ಮರಕ್ಕೆ ಸಮ ಬೇಕೆಂದಿರಲ್ಲ, ಇದೇ ಸಮ.

ನನ್ನ ಊರಿನಲ್ಲಾದರೆ ಇದರ ಹತ್ತಿರದ ಬಂಧು ಸೀತಾಳೆ ದಂಡೆ. ಮುಂಗಾರಿನ ಹೊತ್ತಿಗೆ ಮರದಿಂದ ಗೇಣುದ್ದದ ಗುಲಾಬಿ ಚುಕ್ಕಿಯ ಗೊಂಚಲು ಇಳಿಬಿಡುತ್ತದೆ, ಹುಡುಗಿಯರು ಮುಡಿಯುತ್ತಾರೆ. ಅಸ್ಸಾಮಿನವರು ಅದನ್ನೇ ಕೊಪೌ ಫೂಲ್ ಎಂದು ಬಿಹು ಕುಣಿತಕ್ಕೆ ಮುಡಿಯುತ್ತಾರೆ. ಅವರ ರಾಜ್ಯಪುಷ್ಪ ಅದು. ಸೀತಾಳೆಗೆ ನೆರಳು, ತೇವ ಹೆಚ್ಚು ಬೇಕು, ಅರಕು ಬೆಟ್ಟಕ್ಕೆ ಸರಿ. ಬಯಲಿನ ಬಿಸಿಲು ತಡೆಯುವುದು ವಂಡಾ. ಒನ್ ಟೌನಿಗೆ ವಂಡಾನೇ ವಾಸಿ.

ಕಾಡಿನಿಂದ ಕಿತ್ತು ತರುವುದಂತೂ ಬೇಡ. ಕಂಬಾಲಕೊಂಡದಂಥ ಅಭಯಾರಣ್ಯದಲ್ಲಿ ಅದು ಅಪರಾಧವೂ ಹೌದು. ಇದರ ಒಂದು ಕಾಯಿಯಲ್ಲಿ ದೂಳಿನಷ್ಟು ಸಣ್ಣ ಬೀಜಗಳು ಲೆಕ್ಕವಿಲ್ಲದಷ್ಟಿರುತ್ತವೆ, ಆದರೆ ಬೀಜದೊಳಗೆ ಬುತ್ತಿಯೇ ಇಲ್ಲ. ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳಕೆ. ಹಾಗಾಗಿ ಕಿತ್ತದ್ದು ಸುಲಭಕ್ಕೆ ತುಂಬಿ ಬರುವುದಿಲ್ಲ. ನರ್ಸರಿಯಲ್ಲಿ ಬೆಳೆಸಿದ್ದು ಕೊಳ್ಳಬೇಕು, ಇಲ್ಲವೇ ಗಾಳಿಗೆ ಮುರಿದು ರಸ್ತೆಗೆ ಬಿದ್ದ ಕೊಂಬೆಯ ಮೇಲಿನದನ್ನು ಎತ್ತಿಕೊಳ್ಳಬೇಕು. ಮಾವಿನ ಒರಟು ತೊಗಟೆ ಒಳ್ಳೆಯದು. ಸೀಬೆ ಮರ ಸಿಪ್ಪೆ ಉದುರಿಸುತ್ತಲೇ ಇರುತ್ತದೆ, ಹಿಡಿತ ಸಿಗದು. ಹತ್ತಿಯ ದಾರ ಅಥವಾ ಬಾಳೆನಾರಿನಲ್ಲಿ ಕಟ್ಟಿದರೆ ಬೇರು ಹಿಡಿಯುವ ಹೊತ್ತಿಗೆ ಕಟ್ಟು ತಾನೇ ಲಡ್ಡಾಗಿ ಬೀಳುತ್ತದೆ. ಮಣ್ಣು ಬೇಡ, ಗೊಬ್ಬರದ ಅವಸರ ಬೇಡ. ಬೆಳಗಿನ ಬಿಸಿಲು, ಓಡಾಡುವ ಗಾಳಿ, ಬೇಸಿಗೆಯಲ್ಲಿ ಎರಡು ಹೊತ್ತು ಚಿಮುಕಿಸುವ ನೀರು. ಬೇರಿನ ತುದಿ ಹಸಿರಾಗಿ ತೊಗಟೆಯ ಮೇಲೆ ಚಪ್ಪಟೆಯಾಗಿ ಹರಿದರೆ ಗಿಡ ನೆಲೆ ಹಿಡಿಯಿತೆಂದು ಲೆಕ್ಕ. ನೆತ್ತಿಯ ಮೇಲೆ ಆಕಾಶ ಕಾಣುತ್ತಿರಲಿ. ಗರ್ಭಗುಡಿಗೆ ಚಾವಣಿಯೇ ಇಲ್ಲದ ಕನಕಮಹಾಲಕ್ಷ್ಮಿಯ ಬುರುಜುಪೇಟೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಶುಕ್ರವಾರ ಸೊಳ್ಳೆ ನೋಡುವ ಹುಡುಗ ಬಂದ. ವದಿನಗಾರ ಕುಂಡದ ಅನಾನಸ್ಸಿನ ಎಲೆಸಂದಿಗೆ ಬ್ಯಾಟರಿ ಬಿಟ್ಟು, ನೀರಿದೆಯಲ್ಲ ಆಂಟೀ, ತೆಗೆದುಬಿಡಿ ಎಂದ. “ಅದು ಸಿಂಹಾಚಲದ್ದು ನಾಯ್ನಾ” ಎಂದದ್ದೇ ತಡ, ಹುಡುಗ ಕಣ್ಣಿಗೊತ್ತಿಕೊಂಡು ಹಿಂದೆ ಸರಿದ. ಆಮೇಲೆ ಮೇಲೆ ನೋಡಿದ. “ಮರಕ್ಕೆ ಬಂದಳಿಕೆ ಹಿಡಿದಿದೆ, ಕೋಲು ಕೊಡಿ, ಉದುರಿಸ್ತೀನಿ.”

ದಕ್ಷಿಣ ಅಮೆರಿಕದಿಂದ ಬಂದದ್ದಕ್ಕೆ ನಮಸ್ಕಾರ, ಇಲ್ಲೇ ಹುಟ್ಟಿದ್ದಕ್ಕೆ ಕೋಲು! ನಾನು ಬಾಯಿ ತೆರೆಯುವ ಮೊದಲೇ ವದಿನಗಾರು ಶುರು ಮಾಡಿದರು. ಸಾಮರ್ಲಕೋಟ, ರಾಕ್ಸ್‌ಬರೊ ದೊರೆ, ಅಕ್ಕಿಡಬ್ಬಕ್ಕೆ ಕೈ ಹಾಕುವ ನೆಂಟ, ಜಗಲಿಯ ಬಾಡಿಗೆದಾರ, ಒಂದನ್ನೂ ಬಿಡಲಿಲ್ಲ. ನನ್ನ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಹುಡುಗ ಎರಡು ಸಲ ‘ಸರೇನಂಡಿ’ ಎಂದು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ತಪ್ಪಿಸಿಕೊಂಡ.

ಸಂಜೆ ಒರ್ಲ್ಯಾಂಡೊಗೆ ವಂಡಾದ ಫೋಟೊ ಹೋಯಿತು. ರಾತ್ರಿಯೇ ಫೋನು. ಮಗಳಿಗೆ ಅದೇ ಬೇಕಂತೆ, ಓಕ್ ಮರಕ್ಕೆ ಕಟ್ಟಲು. ಒಂದು ತುಂಡು ಯಾರ ಕೈಯಲ್ಲಾದರೂ ಕಳಿಸಲು ಆಗುತ್ತದಾ ಅಂತ.

“ಸೂಟ್‌ಕೇಸಿನಲ್ಲಿ ಗಿಡ ಕಳಿಸಬಾರದಮ್ಮಾ, ಹುಳು ಹೋಗುತ್ತದೆ, ಪರ್ಮಿಟ್ಟು ಬೇಕು” ಎಂದು ವದಿನಗಾರು ಗಂಭೀರವಾಗಿ ತಿಳಿಹೇಳಿದರು. “ಬೇಕಿದ್ದರೆ ನಮ್ಮನೆ ಅನಾಸ ಗೊಜ್ಜು ಮಾಡುವ ವಿಧಾನ ಕಳಿಸ್ತೀನಿ. ಅದಕ್ಕೆ ತಪಾಸಣೆ ಇಲ್ಲ.”

ನಾನು ಗೋಡೆಯ ಈಚೆಯಿಂದಲೇ ಕೂಗಿದೆ: “ವದಿನಾ, ಗೊಜ್ಜು ಶಿರಸಿಯದು!”

“ಇರಬಹುದು. ಬಂದು ಎಷ್ಟು ದಿನವಾಯಿತು!” ಎಂದರು ವದಿನಗಾರು. “ಈಗ ಅದು ಒನ್ ಟೌನಿನದೇ.”